ಟಿವಿಯ ಅಳತೆ ಸೋಫಾದಿಂದ ಶುರುವಾಗಬೇಕು

ನಮಸ್ಕಾರ. ಮೊನ್ನೆ ಕೊಪ್ಪದಿಂದ ಭಾವ ಫೋನ್ ಮಾಡಿದ್ದರು. "ದೀಪಾವಳಿಗೆ ಒಂದು ದೊಡ್ಡ ಟಿವಿ ತರೋಣ ಅಂತಿದ್ದೇವೆ. ಎಷ್ಟು ಇಂಚಿಂದು ತಗೊಳ್ಳಲಿ? ಯಾವ ಕಂಪನಿ?" ಅಂದರು. ಎರಡಕ್ಕೂ ನಾನು ಉತ್ತರ ಕೊಡಲಿಲ್ಲ. "ಭಾವ, ಮೊದಲು ಟೇಪ್ ಹಿಡಿದು, ನೀವು ಕೂರುವ ಜಾಗದಿಂದ ಗೋಡೆಯವರೆಗೆ ಎಷ್ಟು ಅಡಿ ಇದೆ ಅಂತ ಅಳೆದು ಹೇಳಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ದೊಡ್ಡ ಟಿವಿಯನ್ನು ನಾವು ಅಂಗಡಿ ನೋಡಿ, ಗೋಡೆ ನೋಡಿ ತರುತ್ತೇವೆ. ಅದರ ಎದುರು ದಿನಾ ಕೂರುವವರನ್ನು ನೋಡಿ ತರುವುದಿಲ್ಲ. ಮನೆಗೆ ಬಂದ ಮೇಲೆ ಕುತ್ತಿಗೆ ನೋವು, ಮಾತು ಕೇಳಿಸುವುದಿಲ್ಲ, ಸಿನಿಮಾ ಏನೋ ಒಂಥರಾ ಕಾಣುತ್ತದೆ ಅನ್ನುವ ಕಿರಿಕಿರಿಯೆಲ್ಲ ಅಲ್ಲಿಂದಲೇ ಶುರು.

ಲೆಕ್ಕ ಸುಲಭ. ಟಿವಿಯ ಇಂಚು ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ. ಸಿನಿಮಾ ನೋಡುವಾಗ ಪರದೆ ನಮ್ಮ ಕಣ್ಣ ಮುಂದೆ 30ರಿಂದ 40 ಡಿಗ್ರಿಯಷ್ಟು ಅಗಲ ತುಂಬಬೇಕು ಅನ್ನುವುದು ಹೋಮ್ ಥಿಯೇಟರ್ ಕಟ್ಟುವವರ ಲೆಕ್ಕ. ಅದಕ್ಕೆ ಎಷ್ಟು ದೂರ ಕೂರಬೇಕು ಅಂತ ತಿಳಿಯಲು ಇಂಚನ್ನು 1.6ರಿಂದ ಗುಣಿಸಿ. 65 ಇಂಚಿನ ಟಿವಿಗೆ 104 ಇಂಚು ಬರುತ್ತದೆ, ಅಂದರೆ ಎಂಟೂಮುಕ್ಕಾಲು ಅಡಿಗೆ ಸ್ವಲ್ಪ ಕಡಿಮೆ. ಚಿತ್ರ ಇನ್ನೂ ತುಂಬಿಕೊಂಡಿರಬೇಕು ಅಂದರೆ 1.2ರಿಂದ ಗುಣಿಸಿ, ಆರೂವರೆ ಅಡಿ. ಈ ಎರಡರ ನಡುವೆ ಎಲ್ಲಿ ಕೂತರೂ ಚೆನ್ನ. ನಮ್ಮ ಮೂವತ್ತು ನಲವತ್ತು ಸೈಟಿನ ಮನೆಗಳಲ್ಲಿ ಹಾಲ್ ಹತ್ತು ಹನ್ನೊಂದು ಅಡಿ ಅಗಲ ಇದ್ದರೆ, ಸೋಫಾಕ್ಕೆ ಎರಡು ಅಡಿ ಬಿಟ್ಟರೆ, ಕಣ್ಣಿನಿಂದ ಗೋಡೆಗೆ ಎಂಟು ಒಂಬತ್ತು ಅಡಿ ಉಳಿಯುತ್ತದೆ. ಅಲ್ಲಿಗೆ 65 ಸರಿಯಾಗಿ ಕೂರುತ್ತದೆ.

"55 ಆದರೆ ಏನು, ಹತ್ತು ಇಂಚು ತಾನೇ?" ಅಂತ ಕೇಳುವವರಿದ್ದಾರೆ. ಮೂಲೆಯಿಂದ ಮೂಲೆಗೆ ಹತ್ತು ಇಂಚು, ನಿಜ. ಆದರೆ ಚಿತ್ರದ ಜಾಗ ಲೆಕ್ಕ ಹಾಕಿದರೆ 65ರಲ್ಲಿ ಸುಮಾರು 40 ಪರ್ಸೆಂಟ್ ಜಾಸ್ತಿ. ಅನುಮಾನ ಇದ್ದರೆ ಒಂದು ಕೆಲಸ ಮಾಡಿ. ಹಳೇ ಪೇಪರುಗಳನ್ನು ಸೇರಿಸಿ 144 ಸೆಂಟಿಮೀಟರ್ ಅಗಲ, 81 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿ. ಅದು 65 ಇಂಚಿನ ನಿಜವಾದ ಗಾತ್ರ. ಎರಡು ದಿನ ಹಾಗೇ ಇರಲಿ. ಓಡಾಡುವಾಗ, ಕೂತಾಗ, ಊಟ ಮಾಡುವಾಗ ನೋಡಿ. ಮನೆಯಲ್ಲಿ ಎಲ್ಲರೂ ಒಂದು ಅಭಿಪ್ರಾಯ ಹೇಳುತ್ತಾರೆ, ಆ ಅಭಿಪ್ರಾಯ ಬೇಕು.

ಇನ್ನೊಂದು ವಿಷಯ. ಟಿವಿ ಪರದೆ 16ಕ್ಕೆ 9ರ ಅಳತೆ, ಆದರೆ ನಾವು ನೋಡುವುದೆಲ್ಲ ಆ ಅಳತೆಯಲ್ಲಿ ಇರುವುದಿಲ್ಲ. ಸ್ಕೋಪ್‌ನಲ್ಲಿ, ಅಂದರೆ ಇನ್ನೂ ಅಗಲದ ಅಳತೆಯಲ್ಲಿ ತೆಗೆದ ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. 81 ಸೆಂಟಿಮೀಟರ್ ಎತ್ತರದಲ್ಲಿ ಸಿನಿಮಾಕ್ಕೆ ಸಿಗುವುದು ಬರೀ 60. ಹಳೇ ಕಪ್ಪುಬಿಳುಪು ಸಿನಿಮಾ ಹಾಕಿದರೆ ಪಟ್ಟಿ ಎಡಕ್ಕೆ ಬಲಕ್ಕೆ ಬರುತ್ತದೆ. ಆ ಪಟ್ಟಿ ತಪ್ಪಲ್ಲ, ಸಿನಿಮಾ ಇರುವುದೇ ಹಾಗೆ. ಆದರೆ ಎಷ್ಟೋ ಮನೆಗಳಲ್ಲಿ "ದುಡ್ಡು ಕೊಟ್ಟು ತಂದಿದ್ದೇವೆ, ಪೂರ್ತಿ ತುಂಬಲಿ" ಅಂತ ಚಿತ್ರವನ್ನು ಎಳೆದು ಹಿಗ್ಗಿಸಿಬಿಡುತ್ತಾರೆ. ಆಗ ಅಣ್ಣಾವ್ರ ಮುಖ ಅಗಲ, ಕತ್ತು ಗಿಡ್ಡ. ಆ ಮುಖವನ್ನು ಹಾಗೆ ನೋಡುವುದಕ್ಕೆ ನನಗೆ ಆಗುವುದಿಲ್ಲ. ದಯವಿಟ್ಟು ಸೆಟಿಂಗಿನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ ಒರಿಜಿನಲ್ ಅಂತ ಇಡಿ. ಚಿತ್ರ ತೆಗೆದವರು ಇಟ್ಟ ಅಳತೆಯಲ್ಲೇ ಇರಲಿ.

ಈಗ ಎತ್ತರ. ಮೈಸೂರಿನ ನಮ್ಮ ಮನೆಯಲ್ಲಿ ಆಗಿದ್ದು ಹೇಳುತ್ತೇನೆ. ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ ಟಿವಿ ಪಾಯಿಂಟನ್ನು ನೆಲದಿಂದ ಐದು ಅಡಿಗೆ ಕೊಟ್ಟಿದ್ದ. ಟಿವಿ ಕೂರಿಸಲು ಬಂದ ಹುಡುಗ ಆ ಪಾಯಿಂಟ್ ಮುಚ್ಚಬೇಕು ಅಂತ ಬ್ರಾಕೆಟನ್ನು ಅಲ್ಲಿಗೇ ಹೊಡೆದ. ನೋಡಲು ಚೆನ್ನಾಗೇ ಇತ್ತು, ಬಂದವರೆಲ್ಲ ಹೊಗಳಿದರು. ಆದರೆ ಪರದೆಯ ನಡುಭಾಗ ಐದೂಮುಕ್ಕಾಲು ಅಡಿ ಎತ್ತರಕ್ಕೆ ಹೋಗಿತ್ತು. ಸೋಫಾದಲ್ಲಿ ಕೂತವರ ಕಣ್ಣು ಇರುವುದು ಮೂರೂವರೆ ಅಡಿಯಲ್ಲಿ. ಎರಡು ತಿಂಗಳು ಎರಡೂವರೆ ಗಂಟೆಯ ಸಿನಿಮಾಗಳನ್ನು ತಲೆ ಎತ್ತಿಕೊಂಡೇ ನೋಡಿದೆವು. ಅಪ್ಪ ಇಂಟರ್‌ವಲ್ ಹೊತ್ತಿಗೆ ಎದ್ದು ಕುತ್ತಿಗೆ ಉಜ್ಜಿಕೊಳ್ಳುತ್ತ ಒಳಗೆ ಹೋಗಿಬಿಡುತ್ತಿದ್ದರು. ನಿದ್ದೆ ಬಂತೇನೋ ಅಂದುಕೊಂಡಿದ್ದೆವು. ಕೊನೆಗೆ ಬ್ರಾಕೆಟ್ ಬಿಚ್ಚಿಸಿ ಕೆಳಗೆ ಇಳಿಸಿದೆ. ಈಗ ಪರದೆಯ ಕೆಳಗಿನ ಅಂಚು ನೆಲದಿಂದ ಎರಡೂಕಾಲು ಅಡಿಯಲ್ಲಿದೆ. ಗೋಡೆಯಲ್ಲಿ ನಾಲ್ಕು ತೂತು ಮುಚ್ಚಿಸಬೇಕಾಯಿತು. ಅಪ್ಪ ಈಗ ಪೂರ್ತಿ ಸಿನಿಮಾ ನೋಡುತ್ತಾರೆ.

ನೀವು ಮನೆ ಕಟ್ಟಿಸುತ್ತಿದ್ದರೆ ಈಗಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ. ಪಾಯಿಂಟ್ ಮೂರೂವರೆ ಅಡಿಗಿಂತ ಮೇಲೆ ಬೇಡ. ಅಲ್ಲಿಂದ ಕೆಳಗಿನ ಶೋಕೇಸಿನವರೆಗೆ ಗೋಡೆಯೊಳಗೆ ಎರಡು ಇಂಚಿನ ಪಿವಿಸಿ ಪೈಪ್ ಹಾಕಿಸಿ. ವೈರಿಂಗಿಗೆ ಹಾಕುವ ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ಕೇಬಲ್ಲಿನ ತಲೆ ತೂರುವುದಿಲ್ಲ.

ಯಾವ ಪ್ಯಾನೆಲ್, ಅಂದರೆ ಯಾವ ಬಗೆಯ ಪರದೆ? ಅಂಗಡಿಯಲ್ಲಿ ಓಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಅಂತ ಬೋರ್ಡುಗಳಿರುತ್ತವೆ. ಮೊದಲಿನ ಎರಡರ ನಡುವೆ ಒಂದೇ ಅಕ್ಷರ ವ್ಯತ್ಯಾಸ, ಆದರೆ ಒಳಗೆ ಪೂರ್ತಿ ಬೇರೆ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪು ಅಂದರೆ ಅಲ್ಲಿ ನಿಜವಾಗಿ ಕಪ್ಪು. ಉಳಿದವುಗಳಲ್ಲಿ ಹಿಂದೆ ದೀಪ ಉರಿಯುತ್ತಿರುತ್ತದೆ, ಮುಂದಿನ ಪರದೆ ಆ ಬೆಳಕನ್ನು ತಡೆಯುತ್ತದೆ. ಪೂರ್ತಿ ತಡೆಯಲು ಆಗುವುದಿಲ್ಲ, ಅದಕ್ಕೇ ಅಗ್ಗದ ಟಿವಿಯಲ್ಲಿ ರಾತ್ರಿ ದೃಶ್ಯ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳನ್ನು ತುಂಬ ಸಣ್ಣ ಸಣ್ಣ ಗುಂಪು ಮಾಡಿ, ಬೇಕಾದ ಕಡೆ ಮಾತ್ರ ಆರಿಸುತ್ತಾರೆ.

ಕತ್ತಲೆ ಕೋಣೆಯಲ್ಲಿ ರಾತ್ರಿ ಸಿನಿಮಾ ಮಾತ್ರ ನೋಡುವವರಿಗೆ ಓಎಲ್‌ಇಡಿಯಷ್ಟು ಚೆಂದ ಇನ್ನೊಂದಿಲ್ಲ. ನಾನು ಮಾತ್ರ ಅದನ್ನು ತರಲಿಲ್ಲ, ಕಾರಣ ನಮ್ಮ ಅಪ್ಪ. ಬೆಳಿಗ್ಗೆ ಪೇಪರ್ ಮುಗಿಸಿ ಕೂತರೆ ದಿನಕ್ಕೆ ನಾಲ್ಕೈದು ಗಂಟೆ ನ್ಯೂಸ್ ಚಾನೆಲ್. ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲೋಗೋ, ಎರಡೂ ಜಾಗ ಬಿಟ್ಟು ಕದಲುವುದಿಲ್ಲ. ಒಂದೇ ಚಿತ್ರ ಹೀಗೆ ವರ್ಷಗಟ್ಟಲೆ ನಿಂತರೆ ಓಎಲ್‌ಇಡಿಯಲ್ಲಿ ಅದರ ಗುರುತು ಉಳಿದುಬಿಡುವ ಅಪಾಯ ಇದೆ. ಜೊತೆಗೆ ನಮ್ಮ ಹಾಲ್‌ನ ಕಿಟಕಿ ಪೂರ್ವಕ್ಕಿದೆ, ಹಗಲೆಲ್ಲ ಬೆಳಕು. ಹಾಗಾಗಿ ಮಿನಿ ಎಲ್‌ಇಡಿ ತಂದೆ. ನಿಮ್ಮ ಮನೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ನೋಡುತ್ತಾರೆ? ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಪ್ಯಾನೆಲ್ ತಾನಾಗಿ ಗೊತ್ತಾಗುತ್ತದೆ. ದಿವಾನದ ಮೇಲೆ ಪಕ್ಕದಲ್ಲಿ ಕೂತು ನೋಡುವವರಿದ್ದರೆ ಅಂಗಡಿಯಲ್ಲೂ ಪಕ್ಕಕ್ಕೆ ಸರಿದು ನಿಂತು ನೋಡಿ. ಕೆಲವು ಪ್ಯಾನೆಲ್‌ಗಳಲ್ಲಿ ಬಣ್ಣ ಅಲ್ಲೇ ಮಾಸುತ್ತದೆ.

ಪರದೆಯಲ್ಲಿ ಎಷ್ಟು ಚುಕ್ಕೆ ಅನ್ನುವುದಕ್ಕೆ ಫುಲ್ ಎಚ್‌ಡಿ, ಅದಕ್ಕಿಂತ ಜಾಸ್ತಿಗೆ 4ಕೆ, ಇನ್ನೂ ಜಾಸ್ತಿಗೆ 8ಕೆ ಅನ್ನುತ್ತಾರೆ. 8ಕೆ ಬೇಡ. 65 ಇಂಚಿನ ಪರದೆಯಿಂದ ಎಂಟೂವರೆ ಅಡಿ ದೂರ ಹೋದರೆ ಚೆನ್ನಾಗಿರುವ ಕಣ್ಣಿಗೂ ಫುಲ್ ಎಚ್‌ಡಿಯ ಚುಕ್ಕೆಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ. 4ಕೆ ಧಾರಾಳ.

ಅಂಗಡಿಗೆ ಹೋದಾಗ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಅಲ್ಲಿ ಓಡುವ ಡೆಮೊ ವಿಡಿಯೊದಲ್ಲಿ ಹೂವು, ಚಿಟ್ಟೆ, ಬಣ್ಣದ ಹಣ್ಣು. ಅದು ಯಾವ ಟಿವಿಯಲ್ಲಾದರೂ ಚೆನ್ನಾಗಿಯೇ ಕಾಣುತ್ತದೆ. ಟಿವಿಗಳು ಬಣ್ಣ, ಹೊಳಪು ಎರಡನ್ನೂ ಏರಿಸುವ ವಿವಿಡ್ ಮೋಡಿನಲ್ಲಿರುತ್ತವೆ, ಅಂಗಡಿಯ ಆ ಬೆಳಕಿನಲ್ಲಿ ಜಾಸ್ತಿ ಹೊಳೆಯುವುದೇ ಕಣ್ಣಿಗೆ ಬೀಳುತ್ತದೆ. ನಿಮ್ಮ ಪೆನ್‌ಡ್ರೈವ್‌ನಲ್ಲಿ ಒಂದು ಕತ್ತಲೆ ದೃಶ್ಯ, ಒಂದು ಮನುಷ್ಯರ ಮುಖ ಇರಲಿ. "ಸಿನಿಮಾ ಮೋಡಿಗೆ ಹಾಕಿ, ಮೇಲಿನ ಎರಡು ಲೈಟ್ ಆರಿಸಿ" ಅಂತ ಕೇಳಿ. ಸಂಕೋಚ ಬೇಡ. ಲಕ್ಷ ರೂಪಾಯಿ ಕೊಡುತ್ತಿರುವುದು ನೀವು, ಅಲ್ವಾ?

ಮನೆಗೆ ಬಂದ ಮೊದಲ ವಾರ ನಮ್ಮಪ್ಪ ಒಂದು ಮಾತು ಹೇಳಿದರು: "ಇದೇನೋ, ಸಿನಿಮಾ ಸೀರಿಯಲ್ ಥರ ಕಾಣ್ತಿದೆ?" ತಂತ್ರಜ್ಞಾನದ ಒಂದು ಪದವೂ ಗೊತ್ತಿಲ್ಲದ ಮನುಷ್ಯ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದರು. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದಂತೆ. ಹೊಸ ಟಿವಿ ಆ ಚಿತ್ರಗಳ ನಡುವೆ ತಾನೇ ಹೊಸ ಚಿತ್ರಗಳನ್ನು ಹುಟ್ಟಿಸಿ ತೂರಿಸುತ್ತದೆ. ಓಡಾಟವೆಲ್ಲ ಎಣ್ಣೆ ಸವರಿದ ಹಾಗೆ ಜಾರುತ್ತದೆ, ಸಿನಿಮಾದ ಗುಣ ಹೋಗಿಬಿಡುತ್ತದೆ. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರು ಇಟ್ಟಿದೆ, ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್. 2018ರಲ್ಲಿ ಟಾಮ್ ಕ್ರೂಸ್ ಒಂದು ವಿಡಿಯೊ ಮಾಡಿ, ಸಿನಿಮಾ ನೋಡುವಾಗ ಇದನ್ನು ಆಫ್ ಮಾಡಿ ಅಂತ ಜನರನ್ನು ಕೇಳಿಕೊಂಡಿದ್ದ. ಮರುವರ್ಷ ಟಿವಿ ಕಂಪನಿಗಳು, ಸಿನಿಮಾ ಸ್ಟುಡಿಯೊಗಳು ಸೇರಿ, ಇದನ್ನು ತಾನೇ ಆಫ್ ಮಾಡುವ ಫಿಲ್ಮ್‌ಮೇಕರ್ ಮೋಡ್ ಅಂತ ಒಂದು ವ್ಯವಸ್ಥೆಯನ್ನೇ ಘೋಷಿಸಿದರು. ನಿಮ್ಮ ಟಿವಿಯಲ್ಲಿ ಅದಿದ್ದರೆ ಸಿನಿಮಾಕ್ಕೆ ಅದನ್ನೇ ಹಾಕಿ. ಮೊದಲ ಎರಡು ದಿನ ಚಿತ್ರ ಹಳದಿ ಹಳದಿ, ಮಂಕು ಅನಿಸುತ್ತದೆ. ತಡೆದುಕೊಳ್ಳಿ. ಮೂರನೇ ದಿನ ಹಳೇ ಮೋಡಿಗೆ ಹಾಕಿ ನೋಡಿದರೆ ಮುಖಗಳು ನೀಲಿಗಟ್ಟಿದ ಹಾಗೆ ಕಾಣುತ್ತವೆ. ಕ್ರಿಕೆಟ್ಟಿಗೆ ಬೇಕಿದ್ದರೆ ಆ ಮೋಷನ್ ಸೆಟಿಂಗನ್ನು ಆನ್ ಮಾಡಿಕೊಳ್ಳಿ, ನನ್ನ ತಕರಾರಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ, ಶಬ್ದ.

ಟಿವಿ ಈಗ ಅಂಗೈ ದಪ್ಪ ಇಲ್ಲ. ಸ್ಪೀಕರ್ ಇಡಲು ಜಾಗ ಎಲ್ಲಿದೆ? ಇರುವ ಪುಟ್ಟ ಸ್ಪೀಕರುಗಳು ಕೆಳಗಡೆಗೋ ಗೋಡೆ ಕಡೆಗೋ ಮುಖ ಮಾಡಿರುತ್ತವೆ. ಸಿನಿಮಾದ 5.1 ಶಬ್ದದಲ್ಲಿ, ಅಂದರೆ ಐದು ಸ್ಪೀಕರು ಮತ್ತು ದಪ್ಪ ಶಬ್ದಕ್ಕೆ ಒಂದು ಸಬ್‌ವೂಫರ್ ಇರುವ ಜೋಡಣೆಯಲ್ಲಿ, ಪಾತ್ರಗಳ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ, ಅಂದರೆ ಸೆಂಟರ್ ಚಾನೆಲ್‌ಗೆ ಹೋಗುವ ಹಾಗೆ ಜೋಡಿಸಿರುತ್ತಾರೆ. ಟಿವಿ ಅದನ್ನೆಲ್ಲ ಎರಡು ಪುಟ್ಟ ಸ್ಪೀಕರಿಗೆ ಸುರಿದಾಗ ಹಿನ್ನೆಲೆ ಸಂಗೀತದ ಕೆಳಗೆ ಮಾತು ಮುಳುಗುತ್ತದೆ. ಫೈಟ್ ಬಂದರೆ ಪಕ್ಕದ ಮನೆಯವರು ಏಳುತ್ತಾರೆ, ಅಮ್ಮ ಮಗ ಮಾತಾಡಿದರೆ ಏನೂ ಕೇಳಿಸುವುದಿಲ್ಲ. ರಿಮೋಟ್ ಕೈ ಬಿಡುವ ಹಾಗೇ ಇಲ್ಲ.

ನಮ್ಮಪ್ಪನಿಗೆ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಸಿನಿಮಾ ಮಧ್ಯೆ ಮಧ್ಯೆ "ಏನಂದ? ಏನಂದ?" ಅಂತ ಅಮ್ಮನನ್ನು ಕೇಳುತ್ತಿದ್ದರು. ಅಮ್ಮ ಎರಡು ಸಲ ಹೇಳಿ ಮೂರನೇ ಸಲ ಸುಮ್ಮನಾಗುತ್ತಿದ್ದರು. ಆಮೇಲೆ ಅಪ್ಪ ಕೇಳುವುದನ್ನೇ ಬಿಟ್ಟರು, ಸುಮ್ನೆ ಚಿತ್ರ ನೋಡುತ್ತ ಕೂರುತ್ತಿದ್ದರು. ಅದನ್ನು ಗಮನಿಸಿದ ದಿನ ನನಗೆ ಸಂಕಟವಾಯಿತು. ಆ ತಿಂಗಳೇ ಸೆಂಟರ್ ಸ್ಪೀಕರ್ ಇರುವ 3.1 ಸೌಂಡ್‌ಬಾರ್, ಅಂದರೆ ಉದ್ದನೆಯ ಪಟ್ಟಿಯಂಥ ಸ್ಪೀಕರ್ ತಂದು ಪರದೆಯ ಕೆಳಗೆ ಇಟ್ಟೆ. ಆ ರಾತ್ರಿ ಒಂದು ಹಳೇ ಸಿನಿಮಾ ಹಾಕಿದೆವು. ತಮಾಷೆಯ ಒಂದು ಮಾತು ಬಂತು. ನಮ್ಮೆಲ್ಲರಿಗಿಂತ ಮೊದಲು ಅಪ್ಪ ನಕ್ಕರು.

ಅದಕ್ಕೇ ಹೇಳುತ್ತಿದ್ದೇನೆ, ಇರುವ ದುಡ್ಡನ್ನೆಲ್ಲ ಟಿವಿಗೆ ಸುರಿಯಬೇಡಿ. ಲಕ್ಷ ಇದ್ದರೆ ಎಪ್ಪತ್ತು ಸಾವಿರ ಟಿವಿಗೆ, ಮೂವತ್ತು ಶಬ್ದಕ್ಕೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಆ ಉಳಿತಾಯದಲ್ಲಿ ಇನ್ನೂ ದೊಡ್ಡ ಪರದೆ ನೋಡುವ ಬದಲು ಸೌಂಡ್‌ಬಾರ್ ನೋಡಿ. ಜೋಡಿಸುವಾಗ ಟಿವಿಯ ಹಿಂದೆ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಸಾಕೆಟ್ಟಿಗೇ ಹಾಕಿ. ಬೇರೆಯದಕ್ಕೆ ಹಾಕಿದರೆ ಟಿವಿಯ ಶಬ್ದ ಬಾರ್‌ಗೆ ಬರುವುದಿಲ್ಲ.

ದೊಡ್ಡ ಟಿವಿ ಬಂದ ಮೇಲೆ ಹಳೇ ಚಾನೆಲ್‌ಗಳು ಕೆಟ್ಟದಾಗಿ ಕಾಣುತ್ತವೆ ಅನ್ನುವ ದೂರು ಎಲ್ಲರದ್ದೂ. ಟಿವಿ ಹಾಳಾಗಿಲ್ಲ. ಸಾಮಾನ್ಯ ಎಸ್‌ಡಿ ಚಾನೆಲ್‌ನಲ್ಲಿ ಬರುವುದು ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. 4ಕೆ ಪರದೆಯಲ್ಲಿ 3840, 2160. ಗುಣಿಸಿ ನೋಡಿ, ಸರಿಯಾಗಿ ಇಪ್ಪತ್ತು ಪಟ್ಟು. ಒಂದು ಚುಕ್ಕೆಯನ್ನು ಇಪ್ಪತ್ತು ಚುಕ್ಕೆಯ ಜಾಗಕ್ಕೆ ಹರಡಬೇಕು, ಪಾಪ ಟಿವಿ ಏನು ಮಾಡುತ್ತದೆ? ಮನೆಯವರು ದಿನಾ ನೋಡುವ ಮೂರ್ನಾಲ್ಕು ಚಾನೆಲ್‌ಗಳಲ್ಲಿ ಎಚ್‌ಡಿ ಸಿಗುವುದನ್ನಾದರೂ ಹಾಕಿಸಿಕೊಡಿ.

ಒರೆಸುವುದಕ್ಕೆ ಒಣ ಮೈಕ್ರೋಫೈಬರ್ ಬಟ್ಟೆ ಸಾಕು, ಗಾಜಿಗೆ ಹೊಡೆಯುವ ಸ್ಪ್ರೇ ಬೇಡ. ರಾತ್ರಿ ನೋಡುವಾಗ ಟಿವಿಯ ಹಿಂದೆ ಒಂದು ಸಣ್ಣ ದೀಪ ಇರಲಿ, ಕಣ್ಣಿಗೆ ಹಿತ. ಮಲೆನಾಡಿನವರು ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆಗೆ ಡಿಶ್ ಕೇಬಲ್ಲನ್ನೂ ಬಿಚ್ಚಿ. ಸಿಡಿಲಿನ ಹೊಡೆತ ಆ ಕೇಬಲ್ಲಿನಿಂದಲೂ ಒಳಗೆ ಬರುತ್ತದೆ. ಪ್ಯಾನೆಲ್ ಹೋದರೆ ಅದರ ಬೆಲೆ ಹೊಸ ಟಿವಿಯ ಹತ್ತಿರಕ್ಕೇ ಬರುತ್ತದೆ.

ನಿನ್ನೆ ರಾತ್ರಿ ಭಾವ ಮತ್ತೆ ಫೋನ್ ಮಾಡಿದ್ದರು. ಅಳೆದಿದ್ದಾರೆ. ಅವರ ಕುರ್ಚಿಯಿಂದ ಗೋಡೆಗೆ ಒಂಬತ್ತು ಅಡಿ, ಅವರ ಅಮ್ಮ ಕೂರುವ ಮಂಚದಿಂದ ಏಳೂವರೆ. ಪೇಪರ್ ಅಂಟಿಸಿ ಎರಡು ದಿನ ಆಯಿತಂತೆ. "ಅಮ್ಮಂಗೆ ಅದು ಸ್ವಲ್ಪ ಕೆಳಗೆ ಬೇಕಂತೆ ಮಾರಾಯ" ಅಂದರು. ಶನಿವಾರ ಚಿಕ್ಕಮಗಳೂರಿಗೆ ಹೋಗುತ್ತಾರೆ. "ಅಮ್ಮನನ್ನೂ ಕರ್ಕೊಂಡು ಹೋಗಿ ಭಾವ, ಅಂಗಡಿಯಲ್ಲಿ ಒಂದು ಸೀರಿಯಲ್ ಹಾಕಿಸಿ, ಮಾತು ಕೇಳಿಸುತ್ತಾ ಅಂತ ಅವರನ್ನೇ ಕೇಳಿ" ಅಂದೆ. ಪೆನ್‌ಡ್ರೈವ್‌ಗೆ ಏನೇನು ಹಾಕಬೇಕು ಅಂತ ಈಗ ಅವರಿಗೆ ಮೆಸೇಜ್ ಮಾಡಬೇಕು.