ಕೇಳ್ಸಲ್ವಾ? ಮುಂದೆ ಬಾ!

ನಮಸ್ಕಾರ, ನಮಸ್ಕಾರ. ಹಿಂದುಗಡೆ ಸದ್ದು ಬರ್ತಿರೋದು ಮಳೆದು, ನಿಮ್ಮ ಇಯರ್‌ಫೋನ್ ಹಾಳಾಗಿಲ್ಲ. ಶಿವಮೊಗ್ಗದಲ್ಲಿ ಈ ತಿಂಗಳು ಮಳೆ ಇಲ್ಲದೆ ರೆಕಾರ್ಡಿಂಗ್ ಮಾಡ್ತೀನಿ ಅಂದ್ರೆ ದಾವಣಗೆರೆಗೆ ಹೋಗ್ಬೇಕು.

ಇವತ್ತು ಬೇರೆ ವಿಷಯ ಮಾತಾಡೋದಿತ್ತು. ಆದ್ರೆ ಒಂದು ಕಾಮೆಂಟ್ ತಲೆ ಕೆಡಿಸಿಬಿಟ್ಟಿದೆ. ಓದ್ತೀನಿ ಕೇಳಿ. "ಈ ವರ್ಷ ಯೂನಿವರ್ಸಿಟಿ ಸೇರಿದೀನಿ. ಸೀನಿಯರ್ಸ್ ನಾಟಕ ಇತ್ತು, ಹೋಗಿದ್ದೆ. ಲಾಸ್ಟ್ ರೋನಲ್ಲಿ ಕೂತಿದ್ವಿ. ಒಂದಕ್ಷರ ಕೇಳ್ಸಲಿಲ್ಲ, ಮುಖ ಕಾಣ್ಸಲಿಲ್ಲ. ಇಪ್ಪತ್ತು ನಿಮಿಷಕ್ಕೆ ಎದ್ದು ಬಂದ್ವಿ. ಸ್ಟೂಡೆಂಟ್ಸ್ ನಾಟಕ ಅಂದ್ರೆ ಇಷ್ಟೇ." ಕೆಳಗೆ ನಗೋ ಎಮೋಜಿ. ಅದಕ್ಕೆ ಲೈಕ್ ಬೇರೆ.

ತಮ್ಮಾ, ಲಾಸ್ಟ್ ರೋ ಅಂತ ನೀನೇ ಬರ್ದಿದೀಯಲ್ಲ! ರೋಗ ಅಲ್ಲೇ ಇದೆ. ಮುಂದೆ ಬಾ.

ಮೊದಲು ಕಿವಿ ವಿಚಾರ. ನಮ್ಮ ಕಾಲೇಜು ಸಭಾಂಗಣಗಳನ್ನ ನಾಟಕಕ್ಕೆ ಅಂತ ಕಟ್ಟಿರಲ್ಲ, ಭಾಷಣಕ್ಕೆ ಅಂತ ಕಟ್ಟಿರ್ತಾರೆ. ನುಣ್ಣಗೆ ಪ್ಲಾಸ್ಟರ್ ಮಾಡಿದ ಗೋಡೆ, ಕೆಳಗೆ ಟೈಲ್ಸು, ಎಷ್ಟೋ ಕಡೆ ಮೇಲೆ ಶೀಟು. ಆಡಿದ ಮಾತು ಗೋಡೆಗೆ ಬಡಿದು ವಾಪಸ್ ಬಂದು ಮುಂದಿನ ಮಾತಿನ ಮೇಲೆ ಬೀಳತ್ತೆ. ಬಯಲಲ್ಲಾದ್ರೆ ದೂರ ಎರಡರಷ್ಟಾದಾಗ ದನಿ 6 ಡೆಸಿಬಲ್ ಇಳಿಯುತ್ತೆ. ಹಾಲ್ ಒಳಗೆ ಅಷ್ಟು ಇಳಿಯಲ್ಲ, ಆದ್ರೆ ಹಿಂದೆ ಉಳಿಯೋದು ಬರೀ ಗೋಡೆ ಗದ್ದಲ. ನಾಲ್ಕನೇ ಸಾಲಲ್ಲಿ ಕೂತೋನಿಗೆ ನಟನ ಬಾಯಿಂದ ನೇರವಾಗಿ ಬಂದ ಮಾತು ಸಿಗುತ್ತೆ. ಮೇಲಿಂದ ನಮ್ಮೂರಲ್ಲಿ ಹೊಸಬರು ಕಾಲೇಜಿಗೆ ಕಾಲಿಡೋದೇ ಮಳೆಗಾಲದಲ್ಲಿ. ಆಷಾಢದ ಮಳೆ ಶೀಟಿನ ಮೇಲೆ ಹೊಯ್ಯೋಕೆ ಶುರುವಾದ್ರೆ ಹಿಂದಿನ ಅರ್ಧ ಹಾಲ್‌ಗೆ ಅದು ಮೂಕಾಭಿನಯ.

ಕನ್ನಡದ್ದೇ ಒಂದು ಫಜೀತಿ ಇದೆ ನೋಡಿ. ನಮ್ಮ ವಾಕ್ಯದ ಜೀವ ಬಾಲದಲ್ಲಿರುತ್ತೆ. ಕ್ರಿಯಾಪದ ಕೊನೆಗೆ, ಅದಕ್ಕಂಟಿದ 'ಇಲ್ಲ' ಇನ್ನೂ ಕೊನೆಗೆ. ಕಲೀತಿರೋ ನಟ ಉಸಿರನ್ನೆಲ್ಲ ಮೊದಲರ್ಧಕ್ಕೇ ಖರ್ಚು ಮಾಡಿ ಬಾಲ ನುಂಗ್ತಾನೆ. "ನಿನ್ನ ಮಗನ್ನ ನಾನು ಕೊಂದಿಲ್ಲ" ಅಂತ ಅವನು ಹೇಳಿರ್ತಾನೆ. ಕೊನೇ ಸಾಲಿಗೆ ತಲುಪೋದು "ನಿನ್ನ ಮಗನ್ನ ನಾನು ಕೊಂದಿ..." ಅಷ್ಟೇ. ಮುಗೀತು! ನಾಟಕ ಪೂರ್ತಿ ಅವನೇ ಕೊಲೆಗಾರ ಅಂದ್ಕೊಂಡು ಕೂತಿದ್ದು, ಆಮೇಲೆ ಕ್ಯಾಂಟೀನಲ್ಲಿ "ಕಥೆನೇ ಅರ್ಥ ಆಗಲ್ಲ ಮಗಾ" ಅಂತೀರ. ನಾಲ್ಕನೇ ಸಾಲಲ್ಲಿ ಕೂತಿದ್ರೆ ಬಾಲ ಕೇಳಿಸದಿದ್ರೂ ತುಟಿ ಕಾಣ್ತಿತ್ತು.

"ನಟರೇ ಜೋರಾಗಿ ಮಾತಾಡ್ಬೇಕಪ್ಪ, ಹೆಗ್ಗೋಡಿನೋರು ಮಾತಾಡಲ್ವಾ?" ಅಂತ ಒಬ್ಬರು ಜ್ಞಾನಿಗಳು. ಮಾತಾಡ್ತಾರೆ ಸ್ವಾಮಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಗಿದ್ದು, ಊರೂರು ಸುತ್ತಿ ನಾಟಕ ಆಡೋ ಅವರ ತಂಡ 'ತಿರುಗಾಟ' 1985ರಲ್ಲಿ. ಅಲ್ಲಿ ಕಲಿಯೋರಿಗೆ ನಾಟಕವೇ ದಿನದ ಕೆಲಸ. ನಿಮ್ಮ ಸೀನಿಯರ್ ಮಧ್ಯಾಹ್ನ ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್ ಮುಗಿಸಿ, ಇಂಟರ್ನಲ್ಸ್ ಬರ್ದು, ಸಂಜೆ ಎರಡು ತಾಸು ಖಾಲಿ ಕ್ಲಾಸ್‌ರೂಮಲ್ಲಿ ಬೆಂಚು ಸರಿಸಿ ತಾಲೀಮು ಮಾಡಿರ್ತಾನೆ. ಕ್ಲಾಸ್‌ರೂಮಿಗೆ ಎಷ್ಟು ದನಿ ಬೇಕೋ ಅಷ್ಟೇ ಅವನಿಗೆ ಅಭ್ಯಾಸ. ದೊಡ್ಡ ಹಾಲ್ ಸಿಗೋದು ಪ್ರದರ್ಶನದ ದಿನ, ಅದೂ ಡೆಕೋರೇಷನ್‌ನೋರು ಬ್ಯಾನರ್ ಕಟ್ಟಿ ಮುಗಿಸಿದ ಮೇಲೆ. ಅವನ ದನಿ ಕ್ಲಾಸ್‌ರೂಮ್ ಉದ್ದಕ್ಕೆ ಮುಟ್ಟುತ್ತೆ. ನೀನು ಆ ಉದ್ದದೊಳಗೆ ಬಾ.

"ಮೈಕ್ ಹಾಕ್ಬೋದಲ್ಲ?" ಹಾಕ್ತಾರೆ. ಮೇಲಿಂದ ಇಳಿಬಿಟ್ಟ ಮೈಕ್ ಆದ್ರೆ ಫ್ಯಾನ್ ಸದ್ದು ಮೊದಲು ಹಿಡಿಯುತ್ತೆ. ಸ್ಟೇಜ್ ಅಂಚಲ್ಲಿ ನೆಲದ ಮೇಲಿಟ್ರೆ ಹೆಜ್ಜೆ ಸದ್ದು. ರಾಜ ನಾಲ್ಕು ಹೆಜ್ಜೆ ಇಟ್ರೆ ಭೂಕಂಪ, ಬಾಯಿ ಬಿಟ್ರೆ ಪಿಸುಮಾತು. ಕೇಳಿಸ್ತಿಲ್ಲ ಅಂತ ಸೌಂಡ್‌ನೋನು ವಾಲ್ಯೂಮ್ ಏರಿಸಿದ್ರೆ ಸ್ಪೀಕರಿನ ದನಿ ಮತ್ತೆ ಮೈಕಿಗೇ ಹೋಗಿ 'ಕುಂಯ್ಯ್' ಅನ್ನುತ್ತೆ. ಕಾಲರ್ ಮೈಕ್ ಒಬ್ಬೊಬ್ಬರಿಗೆ ಒಂದೊಂದು ಬಾಡಿಗೆಗೆ ತರೋಕೆ ಇವರ ಬಜೆಟ್ ಎಲ್ಲಿಂದ ಬರ್ಬೇಕು? ತಂದ್ರೂ ಶಾಲಿಗೆ ಉಜ್ಜಿ ಬರೀ ಸರಪರ. ಹಾಗಾಗಿ ಏನ್ಮಾಡ್ಬೇಕು? ಮುಂದೆ ಬರ್ಬೇಕು.

ಮುಂದೆ ಅಂದ ತಕ್ಷಣ ಮೊದಲ ಸಾಲಲ್ಲ, ಅದನ್ನೂ ಹೇಳ್ಬಿಡ್ತೀನಿ. ಸ್ಟೇಜ್ ಮೂರ್ನಾಲ್ಕು ಅಡಿ ಎತ್ತರ ಇರುತ್ತೆ, ಮೊದಲ ಸಾಲಲ್ಲಿ ಕೂತ್ರೆ ಹಿಂದೆ ನಿಂತೋರ ಪಾದ ಕಾಣಲ್ಲ, ಕತ್ತು ಮೇಲೇ ಇರ್ಬೇಕು. ಮೂರರಿಂದ ಐದನೇ ಸಾಲು, ನಡುವಿಂದ ಸ್ವಲ್ಪ ಪಕ್ಕಕ್ಕೆ. ತೀರಾ ತುದಿ ಬೇಡ, ಸ್ಟೇಜ್ ಪಕ್ಕದ ಪರದೆ, ಅಂದ್ರೆ ವಿಂಗ್ ಒಳಗೆ ನಿಂತು ಮರೆತ ಮಾತು ಹೇಳ್ಕೊಡೋಳು ಕಾಣ್ತಾಳೆ, ಆಮೇಲೆ ನಾಟಕ ಬಿಟ್ಟು ಅವಳನ್ನೇ ನೋಡ್ತೀರ.

ಇನ್ನು ಕಣ್ಣು. ಮುಖಕ್ಕೆ ಬೆಳಕು ಬೀಳ್ಬೇಕಾದ್ರೆ ಲೈಟು ಪ್ರೇಕ್ಷಕರ ತಲೆ ಮೇಲಿಂದ, ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಬರ್ಬೇಕು. ಅಲ್ಲಿ ಲೈಟ್ ಕಟ್ಟೋಕೆ ಪೈಪೇ ಇರಲ್ಲ ಎಷ್ಟೋ ಹಾಲ್‌ಗಳಲ್ಲಿ. ಹಾಗಾಗಿ ಎರಡು ಪಕ್ಕ ಸ್ಟ್ಯಾಂಡು, ನೆತ್ತಿ ಮೇಲೆ ನಾಲ್ಕು ಪಾರ್ ಲೈಟು. ನೆತ್ತಿ ಬೆಳಕಿಗೆ ಕಣ್ಣಿನ ಗುಳಿ ಕಪ್ಪಾಗುತ್ತೆ. ಕೊನೇ ಸಾಲಿಗೆ ಎಲ್ಲರೂ ಒಂದೇ ಥರ. ಮುಂದೆ ಕೂತ್ರೆ ಆ ಕಪ್ಪೊಳಗೂ ಕಣ್ಣು ಆಡೋದು ಕಾಣುತ್ತೆ. 1000 ವಾಟಿನ ಹ್ಯಾಲೊಜನ್ ಇದ್ದಾಗ ನಟ ಕೆನ್ನೆಗೆ ತಾಗೋ ಬಿಸಿಯಲ್ಲೇ ತನ್ನ ಜಾಗ ಹುಡುಕ್ತಿದ್ದ. ಈಗ ಎಲ್‌ಇಡಿ, ಬಿಸಿ ಇಲ್ಲ, ನೆಲಕ್ಕೆ ಟೇಪ್ ಅಂಟಿಸ್ತಾರೆ. ಹೊಸ ಹುಡುಗ ಟೇಪಿಂದ ಅರ್ಧ ಹೆಜ್ಜೆ ಆಚೆ ನಿಂತು ಕತ್ತಲಲ್ಲೇ ಡೈಲಾಗ್ ಹೊಡೀತಾನೆ, ಆಮೇಲೆ ಗೊತ್ತಾಗಿ ಮೆಲ್ಲಗೆ ಬೆಳಕಿಗೆ ಜಾರ್ತಾನೆ. ಅದನ್ನ ನೋಡೋದೇ ಒಂದು ಮಜಾ.

ಗಡ್ಡದ ವಿಷಯ ಬಿಟ್ಟರೆ ಪಾಪ ಬರುತ್ತೆ. ಕ್ರೇಪ್ ಕೂದಲನ್ನ ಗಮ್ ಹಾಕಿ ಅಂಟಿಸಿರ್ತಾರೆ. ಬೆವರಿಗೆ ಮೊದಲು ಬಿಡೋದು ಬಾಯಿ ಪಕ್ಕದ ತುದಿ, ಮಾತಾಡುವಾಗ ಜಾಸ್ತಿ ಅಲ್ಲಾಡೋ ಜಾಗ ಅದೇ. ಋಷಿ ತೋರುಬೆರಳನ್ನ ಕೆನ್ನೆಗೆ ಒತ್ತಿ ಗಾಢವಾಗಿ ಯೋಚ್ನೆ ಮಾಡ್ತಾ ಶಾಪ ಕೊಡ್ತಾನೆ. ಹಿಂದಿನ ಸಾಲಿನೋರು "ಆಹಾ, ಅಭಿನಯ" ಅಂತಾರೆ. ನಾಲ್ಕನೇ ಸಾಲಿನೋರಿಗೆ ಗೊತ್ತು ಬೆರಳು ತೆಗೆದ್ರೆ ಗಡ್ಡ ಬೀಳುತ್ತೆ ಅಂತ. ಶಾಪ ಮುಗಿಯೋವರೆಗೂ ಅವನು ಕೈ ತೆಗೀಲಿಲ್ಲ ಅಂದ್ರೆ ಅವನಿಗೆ ಚಪ್ಪಾಳೆ ಹೊಡೀರಿ ಮಾರಾಯ್ರೆ!

ಯುವಜನೋತ್ಸವದ ಏಕಾಂಕ ಆದ್ರಂತೂ ಇನ್ನೂ ಮುಂದೆ ಬರ್ಬೇಕು. ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯಲ್ಲಿ ಇರೋದು 30 ನಿಮಿಷ, ಸ್ಟೇಜ್ ಮೇಲೆ 9 ಜನ, ಹಿಂದೆ ಸಂಗೀತ-ಬೆಳಕಿಗೆ 3 ಜನ. ಅಷ್ಟರಲ್ಲಿ ಒಬ್ಬನೇ ಮಂತ್ರಿ, ಮರ, ಆಮೇಲೆ ಹೆಣ. ಶಾಲು ಬಲ ಹೆಗಲಿಂದ ಎಡಕ್ಕೆ ಹೋದ್ರೆ ಪಾತ್ರ ಬದಲಾಯ್ತು ಅಂತ ಅರ್ಥ. ಹಿಂದೆ ಕೂತು ಆ ಶಾಲು ನೋಡದೆ "ಈ ಮಂತ್ರಿ ಯಾಕೆ ಸುಮ್ನೆ ಕೈ ಚಾಚ್ಕೊಂಡು ನಿಂತ?" ಅಂತ ಕೇಳ್ಬೇಡಿ.

ಹಾಂ, ನಾಟಕ ಶುರು ಅಂತ ಹೊಡೆಯೋ ಮೂರನೇ ಬೆಲ್ಲಿಗೆ ಮುಂಚೆ ಒಳಗಿರಿ. ಬೆಲ್ ಅಂದಾಗ ನೆನಪಾಯ್ತು, ನಮ್ಮ ಚಾನೆಲ್ಲಿಗೂ ಒಂದು ಬೆಲ್ ಇದೆ. ಅದು ಒಂದೇ ಸಲ ಒತ್ತಿದ್ರೆ ಸಾಕು. ಒತ್ತಿದ್ರಾ? ಒತ್ತಿ.

ಈಗ ನಿಮ್ಮ ನೆಪಗಳು. "ಮುಂದೆ ಸೋಫಾ ಅತಿಥಿಗಳಿಗೆ ಸರ್." ಸೋಫಾ ಹಿಂದಿನ ಸಾಲು ನಿಂದೇ, ಮೈಕಾಸುರರ ಭಾಷಣ ಮುಗಿದು ಅತಿಥಿಗಳು ಕಾರು ಹತ್ತಿದ್ಮೇಲೆ ಸೋಫಾನೂ ನಿಂದೇ. "ಫ್ರೆಂಡ್ಸ್ ಎಲ್ಲ ಹಿಂದೆ ಕೂತಿರ್ತಾರೆ." ಎಳ್ಕೊಂಡು ಬಾ. "ಮಧ್ಯದಲ್ಲಿ ಎದ್ದು ಹೋಗೋಕೆ ಆಗಲ್ಲ." ಅದಕ್ಕೇ ಬಾ ಅಂದಿದ್ದು! "ಶಂಕರಘಟ್ಟಕ್ಕೆ ಬಸ್ಸು ತಪ್ಪುತ್ತೆ." ಸರಿ, ಇದು ಸ್ವಲ್ಪ ನಿಜ, ಕುವೆಂಪು ಯೂನಿವರ್ಸಿಟಿ ಇರೋ ಆ ಊರು ಶಿವಮೊಗ್ಗದಿಂದ 28 ಕಿಲೋಮೀಟರು, ರಾತ್ರಿ ನಡ್ಕೊಂಡು ಹೋಗೋ ದಾರಿ ಅಲ್ಲ. ಆದ್ರೆ ಬಸ್ಸಲ್ಲಿ ಎಲ್ಲಿ ಕೂರ್ತೀಯ? ಡ್ರೈವರ್ ಪಕ್ಕದ ಸೀಟಿಗೆ ಟವೆಲ್ ಹಾಕ್ತೀಯಲ್ಲ, ನಾಟಕಕ್ಕೆ ಏನಾಯ್ತು ನಿಂಗೆ?

ನಿಮ್ಮಜ್ಜಿ ಯಕ್ಷಗಾನದ ಆಟ ನೋಡೋಕೆ ಹೋದ್ರೆ ಕಂಬಳಿ ಹೊದ್ದು ರಂಗಸ್ಥಳದ ಬುಡದಲ್ಲೇ ಕೂರ್ತಿದ್ರು. ರಾಕ್ಷಸನ ಬಣ್ಣದ ವೇಷ ಮುಖದ ಮೇಲೆ ಬಂದು ಅಬ್ಬರಿಸಿದ್ರೂ ಕವಳ ಹಾಕ್ತಾ ಅಲ್ಲೇ. ಅವರಿಗೇನು ಡೆಸಿಬಲ್ ಗೊತ್ತಿತ್ತಾ?

ಯಾಕೆ, ಯಾಕೆ ಅಂತ ಇನ್ನೂ ಕೇಳ್ತೀರಾ? ಮುಂದೆ ಬನ್ನಿ, ಅಷ್ಟೇ. ನಾನು ಹೇಳ್ತಿದೀನಲ್ಲ, ಸಾಲ್ದಾ? ಆರೂವರೆಗೆ ನಾಟಕ ಅಂತ ಬರ್ದಿದ್ರೆ ಏಳಕ್ಕೆ ಶುರು, ಆರೂಕಾಲಿಗೆ ಹೋದ್ರೆ ನಾಲ್ಕನೇ ಸಾಲು ಪೂರ್ತಿ ಖಾಲಿ. ಬ್ಯಾಗ್ ಇಟ್ಟು ಚಹಾ ಕುಡ್ಕೊಂಡು ಬನ್ನಿ.

ಸರಿ, ಕಾಫಿ ಆರಿತು. ಶೇರ್ ಮಾಡಿ, ಮುಖ್ಯವಾಗಿ ಹಾಸ್ಟೆಲ್ ಗ್ರೂಪಿಗೆ. ಮುಂದಿನ ಸಂಚಿಕೆ, ವಂದನಾರ್ಪಣೆ ಯಾಕೆ ನಾಟಕಕ್ಕಿಂತ ಉದ್ದ ಇರುತ್ತೆ ಅಂತ. ಅದಕ್ಕೂ ಹಿಂದಿನ ಸಾಲಿನೋರೇ ಕಾರಣ. ಹೇಗೆ ಅಂತ ಇನ್ನೂ ಬರ್ಕೊಂಡಿಲ್ಲ.