ಮುನ್ನೂರು ಪ್ರತಿಯ ಮಕ್ಕಳ ಕಾದಂಬರಿ

ಕೇಳುಗರಿಗೆ ನಮಸ್ಕಾರ.

ಮಕ್ಕಳಿಗೆಂದು ಒಂದು ಕಾದಂಬರಿ ಬರೆದು ಮುಗಿಸಿದ್ದೀರಿ. ಇಬ್ಬರು ಮೂವರು ಪ್ರಕಾಶಕರಿಗೆ ಹಸ್ತಪ್ರತಿ ಕಳಿಸಿಯೂ ಆಗಿದೆ, ಅತ್ತಲಿಂದ ಸುದ್ದಿಯಿಲ್ಲ. ನಾವೇ ಅಚ್ಚು ಹಾಕಿಸಿಬಿಡೋಣವೆ? ಹಾಕಿಸಿದರೆ ಮುಂದೆ ಯಾವ ಪ್ರಕಾಶಕರೂ ಅದನ್ನು ಮುಟ್ಟುವುದಿಲ್ಲವೆ? ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬರೆಯುವವರು ನಾಲ್ಕು ಜನ ಕೂಡಿದರೆ ಈ ಮಾತು ಬಂದೇ ಬರುತ್ತದೆ. ಸ್ವಂತ ಮುದ್ರಣವೂ ಪ್ರಕಾಶಕರ ಹುಡುಕಾಟವೂ ಒಟ್ಟಿಗೆ ನಡೆಯಬಹುದು. ಆದರೆ ಪ್ರತಿ ಕಡಿಮೆ ಹಾಕಿಸಬೇಕು, ಹಕ್ಕನ್ನು ಯಾರಿಗೂ ಬರೆದುಕೊಡಬಾರದು, ಮಾರಿದ ಒಂದೊಂದು ಪ್ರತಿಗೂ ಲೆಕ್ಕ ಇಡಬೇಕು. ಸಾವಿರ ಪ್ರತಿ ಹಾಕಿಸಿ ಅಟ್ಟದಲ್ಲಿ ಪೇರಿಸಿಟ್ಟವರಿಗೆ ಪ್ರಕಾಶಕರ ಬಾಗಿಲು ಬೇಗ ಮುಚ್ಚುತ್ತದೆ. ಮುನ್ನೂರು ಹಾಕಿಸಿ ಇನ್ನೂರೈವತ್ತು ಮಾರಿದವರಿಗೆ ಅದೇ ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚು.

ಅಚ್ಚಿಗೆ ಮೊದಲು ಹಸ್ತಪ್ರತಿಯ ಮಾತು. ಎಂಟರಿಂದ ಹನ್ನೆರಡು ವಯಸ್ಸಿನವರಿಗೆ 15,000 ಪದದ ಕಾದಂಬರಿ ಸಾಕು. ನಾಲ್ಕರಿಂದ ಏಳನೇ ತರಗತಿಯ ಆರೇಳು ಮಕ್ಕಳಿಗೆ ಓದಲು ಕೊಡಿ, ನಿಮ್ಮ ಮನೆಯ ಮಕ್ಕಳು ಬೇಡ. ಚೆನ್ನಾಗಿದೆಯಾ ಎಂದು ಕೇಳಬೇಡಿ. ದೊಡ್ಡವರ ಮುಖ ನೋಡಿ ಮಗು ‘ಹೂಂ, ಚೆನ್ನಾಗಿದೆ’ ಅಂದೇ ಅನ್ನುತ್ತದೆ. ಒಂದು ಅಧ್ಯಾಯ ಗಟ್ಟಿಯಾಗಿ ಓದಿಸಿ, ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತು, ತಡವರಿಸಿದಲ್ಲೆಲ್ಲ ಗೆರೆ ಎಳೆಯಿರಿ. ಮೂರು ಮಕ್ಕಳು ಒಂದೇ ಸಾಲಿನಲ್ಲಿ ಎಡವಿದರೆ ತಪ್ಪು ಆ ಸಾಲಿನದು. ಮಾರನೆಯ ದಿನ ಕಥೆ ಹೇಳಿಸಿ ನೋಡಿ. ಮಗು ಬಿಟ್ಟುಬಿಟ್ಟ ಪ್ರಸಂಗ ನಿಮಗೆ ಎಷ್ಟೇ ಪ್ರೀತಿಯದಾಗಿರಲಿ, ಅದನ್ನು ತಿದ್ದಬೇಕು, ಇಲ್ಲ ತೆಗೆಯಬೇಕು.

ನಮ್ಮ ಕಡೆಯ ಮಾತನ್ನು ಏನು ಮಾಡುವುದು? ಕಾಲುಸೇತುವೆಗೆ ಸಂಕ, ಜಿಗಣೆಗೆ ಉಂಬಳ, ಕಡಿದಾದ ಮಣ್ಣಿನ ಏರಿಗೆ ದರೆ, ಕಾಡಿಗೆ ಕಾನು ಎನ್ನುತ್ತೇವೆ. ಇವನ್ನೆಲ್ಲ ತೆಗೆದು ಪಠ್ಯಪುಸ್ತಕದ ಪದ ತುಂಬಿದರೆ ಮಲೆನಾಡೇ ಪುಸ್ತಕದಿಂದ ಹೊರಗೆ ಹೋಗುತ್ತದೆ. ಕೊನೆಯಲ್ಲಿ ಅರ್ಥಕೋಶ ಕೊಟ್ಟರೆ ಮಕ್ಕಳು ಅಷ್ಟು ದೂರ ಪುಟ ತಿರುವಿ ನೋಡುವುದಿಲ್ಲ. ಅರ್ಥ ವಾಕ್ಯದೊಳಗೇ ಕಾಣಬೇಕು. ‘ಹುಡುಗಿ ಸಂಕ ದಾಟಿದಳು’ ಎಂದು ಬರೆದರೆ ಬಯಲುಸೀಮೆಯ ಮಗುವಿನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಎರಡು ಅಡಿಕೆ ಮರ ಜೋಡಿಸಿದ ಸಂಕ ಅವಳ ಕಾಲಡಿ ಬಳುಕಿತು, ಕೆಳಗೆ ಹಳ್ಳದ ಕೆಂಪು ನೀರು’ ಎಂದು ಬರೆದರೆ ಪದವೂ ಉಳಿಯುತ್ತದೆ, ಅರ್ಥವೂ ತಲುಪುತ್ತದೆ. ಸಾಗರದಲ್ಲಿ ಕೂತು ಬರೆದ ನಾ. ಡಿಸೋಜ ಅವರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದದ್ದು ಇದೇ ಸೀಮೆಯ ಮುಳುಗಡೆಯ ಕಥೆ ಹೇಳಿದ ಮಕ್ಕಳ ಕಾದಂಬರಿಗೆ.

ಇನ್ನು ಪುಟವಿನ್ಯಾಸ. ಹೆಚ್ಚು ಪುಸ್ತಕಗಳು ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆಕಾರ ಡೆಮಿ 1/8, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅಕ್ಷರ 14 ಪಾಯಿಂಟ್, ಸಾಲಿನಿಂದ ಸಾಲಿಗೆ 21 ಪಾಯಿಂಟ್. ಈ 21 ಯಾಕೆ? ಕನ್ನಡದ ಸಾಲಿಗೆ ಮೇಲೆ ಗುಡಿಸು, ಏತ್ವ ಇರುತ್ತವೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಷಕಾರಕ್ಕೆ ಎರಡೆರಡು ಒತ್ತು. ಕಾಗದ ಉಳಿಸಲು ಸಾಲು ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡವರು ಹೇಗೋ ಓದಿಕೊಂಡು ಹೋಗುತ್ತಾರೆ, ಹೊಸದಾಗಿ ಓದಲು ಕಲಿತ ಮಗು ಅಲ್ಲೇ ನಿಲ್ಲುತ್ತದೆ. ಸಾಲಿನ ಎರಡೂ ಅಂಚನ್ನು ಸಮ ಮಾಡಿಸುವುದೂ ಬೇಡ. ನಮ್ಮ ಪದಗಳು ಉದ್ದ. ‘ಓಡಿಹೋಗುತ್ತಿದ್ದವನನ್ನು’ ಎಂಬ ಪದ ಕೆಳಗಿನ ಸಾಲಿಗೆ ಜಾರಿದರೆ ಮೇಲಿನ ಸಾಲಿನಲ್ಲಿ ಉಳಿದ ಮೂರು ಪದಗಳ ನಡುವೆ ಹಲ್ಲು ಬಿದ್ದ ಹಾಗೆ ಖಾಲಿ. ಎಡ ಅಂಚು ಸಮ ಇದ್ದು ಬಲ ಅಂಚು ಹೇಗೆ ಬಂದರೂ ಮಕ್ಕಳ ಪುಸ್ತಕಕ್ಕೆ ಚೆಂದವೇ.

ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ ಮಾಡುವವರು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡಿಗೆ ಬದಲಿಸಿಯೇ ಪಡೆಯಿರಿ. ನಾಳೆ ಪ್ರಕಾಶಕರಿಗೆ, ಇ-ಪುಸ್ತಕಕ್ಕೆ ಬೇಕಾಗುವುದು ಯೂನಿಕೋಡ್ ಕಡತವೇ. ಬದಲಿಸುವಾಗ ಕೆಲವು ತಪ್ಪು ನುಸುಳುತ್ತವೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಆದರೆ ಕಂಪ್ಯೂಟರಿನಲ್ಲಿ ಆ ಪದ ಹುಡುಕಿದರೆ ಸಿಗುವುದಿಲ್ಲ. ‘ಬಸ್‌ನಲ್ಲಿ’ ಎಂಬಲ್ಲಿ ನಕಾರವು ಸಕಾರದ ಕೆಳಗೆ ಒತ್ತಾಗಿ ಹೋಗಿ ‘ಬಸ್ನಲ್ಲಿ’ ಆಗಿರುತ್ತದೆ. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವುದಾದರೆ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆಯ್ಕೆ ಮಾಡಿರಬೇಕು, ಇಲ್ಲವಾದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಣ ಕೊಡುವ ಮುನ್ನವೇ ಹೇಳಿಬಿಡಿ: ಪಿಡಿಎಫ್ ಮಾತ್ರ ಸಾಲದು, ತಿದ್ದಲು ಬರುವ ಮೂಲ ಕಡತವೂ ಬೇಕು.

ಪುಟದ ಲೆಕ್ಕಕ್ಕೆ ಬರೋಣ. ಈ ಅಳತೆಯಲ್ಲಿ ಪುಟಕ್ಕೆ ಸುಮಾರು 150 ಪದ ಹಿಡಿಯುತ್ತದೆ. 15,000 ಪದಕ್ಕೆ 100 ಪುಟ, ಚಿತ್ರಗಳಿಗೆ 20, ಮೊದಲ ಪುಟಗಳಿಗೆ 8, ಒಟ್ಟು 128. ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳಿಗೆ ಫಾರಂ ಎನ್ನುತ್ತಾರೆ. ಡೆಮಿ 1/8ರಲ್ಲಿ ಫಾರಂ ಒಂದಕ್ಕೆ 16 ಪುಟ, ಹಾಗಾಗಿ 128 ಅಂದರೆ ಸರಿಯಾಗಿ ಎಂಟು ಫಾರಂ. 130 ಆದರೆ ಎರಡೇ ಎರಡು ಪುಟಕ್ಕಾಗಿ ಒಂಬತ್ತನೇ ಫಾರಂ ಏರಬೇಕು. 300 ಪ್ರತಿಗೆ ಡಿಜಿಟಲ್ ಮುದ್ರಣ ಅನುಕೂಲ. ಆಫ್‌ಸೆಟ್ ಯಂತ್ರದ ಪ್ಲೇಟಿನ ಖರ್ಚು ಹಂಚಿಹೋಗಲು ಐನೂರರ ಮೇಲಾದರೂ ಬೇಕು. ಒಳಪುಟಕ್ಕೆ 80 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ ಕೇಳಿ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ), 70ರಲ್ಲಿ ಕಪ್ಪು ತುಂಬಿದ ಚಿತ್ರ ಹಿಂಬದಿಗೆ ಇಣುಕುತ್ತದೆ. ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಬೋರ್ಡ್. ಎಲ್ಲ ಪ್ರತಿಗೂ ಮೊದಲು ಒಂದೇ ಒಂದು ಪ್ರತಿ ತೆಗೆಸಿ, ಕತ್ತರಿಸಿ ಬೈಂಡ್ ಮಾಡಿಸಿ ನೋಡಿ. ಬೆನ್ನಿನ ಕಡೆಯ ಅಂಚು ಸಾಲದೆ ಪದಗಳು ಮಡಿಕೆಯೊಳಗೆ ಹೂತುಹೋಗಿದ್ದರೆ ಅದು ಕಾಣುವುದು ಆ ಪ್ರತಿಯಲ್ಲಿ ಮಾತ್ರ.

ಮಳೆಗಾಲದಲ್ಲಿ ಮಾತ್ರ ಅಚ್ಚು ಹಾಕಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಳಿಯಲ್ಲೇ ನೀರು. ಹೊದಿಕೆಯ ಹೊರಮೈಗೆ ಪ್ಲಾಸ್ಟಿಕ್ ಪದರ, ಒಳಮೈ ಬರಿ ಕಾಗದ. ಒಳಮೈ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಹೊದಿಕೆ ಹೊರಕ್ಕೆ ಸುರುಳಿ ಏಳುತ್ತದೆ. ಕಾಗದ ಮೊದಲೇ ತೇವ ಕುಡಿದಿದ್ದರೆ ಬೆನ್ನಿನ ಅಂಟೂ ಗಟ್ಟಿ ಹಿಡಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಅಚ್ಚಾದರೆ ರಾಜ್ಯೋತ್ಸವಕ್ಕೆ, ನವೆಂಬರ್ 14ರ ಮಕ್ಕಳ ದಿನಾಚರಣೆಗೆ, ಮುಂದೆ ಶಾಲೆಗಳ ವಾರ್ಷಿಕೋತ್ಸವಕ್ಕೆ ಪುಸ್ತಕ ಕೈಗೆ ಸಿಗುತ್ತದೆ. ಉಳಿದ ಪ್ರತಿಗಳನ್ನು ಇಪ್ಪತ್ತರ ಕಟ್ಟು ಮಾಡಿ, ನೆಲದಿಂದಲೂ ಗೋಡೆಯಿಂದಲೂ ಒಂದು ಗೇಣು ಬಿಟ್ಟು ಹಲಗೆಯ ಮೇಲಿಡಿ. ಗೆದ್ದಲು ಗೋಡೆ ಹಿಡಿದೇ ಬರುತ್ತದೆ.

ಚಿತ್ರ ಬರೆದವರೊಂದಿಗೆ ಒಂದು ಪುಟದ ಕರಾರು ಬೇಕು. ಈ ಚಿತ್ರಗಳನ್ನು ಮುಂದಿನ ಮುದ್ರಣದಲ್ಲಿ, ಬೇರೆ ಪ್ರಕಾಶಕರ ಆವೃತ್ತಿಯಲ್ಲಿ, ಅನುವಾದದಲ್ಲಿ ಬಳಸಬಹುದೆ, ಬಳಸಿದರೆ ಅವರಿಗೆ ಎಷ್ಟು, ಇದನ್ನೆಲ್ಲ ಬರೆದಿಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟರೆ ಪ್ರಕಾಶಕರು ಒಪ್ಪಿದ ದಿನವೇ ತಕರಾರು ಏಳುತ್ತದೆ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೊಡುವುದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ, ಅದಕ್ಕೆ ಶುಲ್ಕವಿಲ್ಲ. ಲೇಖಕ-ಪ್ರಕಾಶಕ ಎಂದು ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು, ಮಧ್ಯವರ್ತಿಗೆ ದುಡ್ಡು ಕೊಡಬೇಕಿಲ್ಲ. ಮುದ್ರಿತ ಪುಸ್ತಕಕ್ಕೆ ಒಂದು, ಇ-ಪುಸ್ತಕ ಮಾಡಿದರೆ ಅದಕ್ಕೆ ಇನ್ನೊಂದು. ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು, ಇದು 1954ರ ಕಾಯಿದೆ. ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳಲು ಅರ್ಜಿ ಕರೆಯುವಾಗ ಇಂಥ ವರ್ಷ ಪ್ರಥಮ ಮುದ್ರಣವಾದ ಪುಸ್ತಕ ಎಂದು ಕೇಳುತ್ತದೆ. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಸ್ವಾಮ್ಯ ವಿಭಾಗದಲ್ಲಿ ನೋಂದಣಿಯನ್ನೂ ಕೇಳುತ್ತದೆ. ಹಾಗಾಗಿ ಮುದ್ರಣದ ವರ್ಷ, ಪುಟ, ಬೆಲೆ, ಕಾಗದ, ಆಕಾರ ಎಲ್ಲ ನಾಲ್ಕನೇ ಪುಟದಲ್ಲಿ ಸ್ಪಷ್ಟವಾಗಿರಲಿ. ಆ ಖರೀದಿಯ ಹಣವನ್ನು ನೆಚ್ಚಿ ಮಾತ್ರ ಸಾಲ ಮಾಡಬೇಡಿ.

ಬೆಲೆ ಇಡುವುದರಲ್ಲಿ ಹಲವರು ಎಡವುತ್ತಾರೆ. ಪ್ರತಿಗೆ 60 ರೂಪಾಯಿ ಬಿದ್ದಿದೆ ಎಂದುಕೊಳ್ಳಿ. ಮಕ್ಕಳ ಪುಸ್ತಕ ಅಗ್ಗವಿರಲಿ ಎಂದು 100 ಇಟ್ಟರೆ, ಅಂಗಡಿಗೆ ಶೇಕಡಾ 40 ಬಿಟ್ಟ ಮೇಲೆ ಕೈಗೆ ಬರುವುದು 60. ಚಿತ್ರಕಾರರಿಗೆ ಕೊಟ್ಟದ್ದು, ಗೌರವ ಪ್ರತಿ, ಬಸ್ಸಿನ ಖರ್ಚು ಎಲ್ಲ ನಷ್ಟ. 160 ಇಟ್ಟರೆ ಅಂಗಡಿಯಿಂದ 96 ಬರುತ್ತದೆ, 36 ಉಳಿಯುತ್ತದೆ. ಶಾಲೆಯಲ್ಲಿ ನೀವೇ ಮಾರುವಾಗ 120ಕ್ಕೆ ಕೊಟ್ಟರೂ ನಷ್ಟವಿಲ್ಲ.

ಪ್ರಚಾರದ ನಿಜವಾದ ಜಾಗ ಶಾಲೆ. ಬಿಡುಗಡೆ ಸಮಾರಂಭಕ್ಕೆ ಬರುವವರು ದೊಡ್ಡವರು. ಹಾರ, ಶಾಲು, ಊಟಕ್ಕೆ ಹೋಗುವ ಹಣದಲ್ಲಿ ಹತ್ತು ಶಾಲೆ ಸುತ್ತಬಹುದು. ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರನ್ನು ಕೇಳಿ. ಮಾರಾಟವೂ ಇದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪತ್ರ ಕೈಯಲ್ಲಿರಲಿ. ಬಿಸಿಯೂಟಕ್ಕೆ ಮೊದಲಿನ ಅವಧಿ ಒಳ್ಳೆಯದು, ಊಟದ ಮೇಲೆ ಮಕ್ಕಳ ಕಣ್ಣು ಎಳೆಯುತ್ತದೆ. ಭಾಷಣ ಮಾಡದೆ ಹತ್ತು ನಿಮಿಷ ಓದಿ, ಕಥೆ ಬಿಗಿಯಾದ ಕಡೆ ಪುಸ್ತಕ ಮಡಿಚಿಡಿ. ಪುಸ್ತಕ ಓದುವುದು ಮಗು, ದುಡ್ಡು ಕೊಡುವುದು ಮನೆಯವರು. ಹಾಗಾಗಿ ಹೊದಿಕೆಯ ಚಿತ್ರ, ಬೆಲೆ, ಫೋನ್ ನಂಬರು ಇರುವ ಅಂಗೈಯಗಲದ ಚೀಟಿ ಮಕ್ಕಳ ಕೈಯಲ್ಲಿ ಕಳಿಸಿ, ಒಂದು ವಾರ ಬಿಟ್ಟು ಮತ್ತೆ ಹೋಗಿ. ಎರಡನೇ ಸಲ ಹೋಗದಿದ್ದರೆ ಮೊದಲ ಸಲ ಹೋದದ್ದು ವ್ಯರ್ಥ. ಶಾಲೆಯ ವಾಚನಾಲಯಕ್ಕೆ ಒಂದು ಪ್ರತಿ ಕೊಟ್ಟೇ ಬನ್ನಿ, ದುಡ್ಡಿಲ್ಲದ ಮಗುವಿಗೂ ಉಳಿದ ಕಥೆ ಸಿಗಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲೂ ಹೀಗೆ ಓದಬಹುದು.

ದೂರದವರಿಗೆ ಪುಸ್ತಕ ಕಳಿಸಲು ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ಸೇವೆ ಇದೆ, 2025ರ ಮೇ ತಿಂಗಳಲ್ಲಿ ಶುರುವಾದದ್ದು. 300 ಗ್ರಾಂ ತನಕ 20 ರೂಪಾಯಿ, ಮೇಲೆ ತೆರಿಗೆ. ನಾವು ಹೇಳಿದ ಅಳತೆಯ ಪುಸ್ತಕ ಸುಮಾರು 175 ಗ್ರಾಂ ತೂಗುತ್ತದೆ, ಒಂದು ಪ್ರತಿ ಇದರೊಳಗೆ ಹೋಗುತ್ತದೆ, ಎರಡು ಕಟ್ಟಿದರೆ ಮೇಲಿನ ದರ. ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸಿ. ವಿಮರ್ಶೆ ಬರದಿದ್ದರೂ ಬಂದ ಪುಸ್ತಕಗಳ ಪಟ್ಟಿಯಾದ ‘ಸಾದರ ಸ್ವೀಕಾರ’ದಲ್ಲಿ ಹೆಸರು ಬಂದರೆ ಆ ತುಣುಕು ಕತ್ತರಿಸಿಡಿ. ಶಿವಮೊಗ್ಗದ ಕರ್ನಾಟಕ ಸಂಘದ ಪುಸ್ತಕ ಬಹುಮಾನದಲ್ಲಿ ಮಕ್ಕಳ ಸಾಹಿತ್ಯಕ್ಕೂ ಜಾಗವಿದೆ, ಪ್ರಕಟಣೆ ಬಂದಾಗ ಕಳಿಸಿ.

ಇಷ್ಟರ ನಡುವೆ ಪ್ರಕಾಶಕರಿಗೆ ಪತ್ರ. ಕನ್ನಡದಲ್ಲಿ ಲೇಖಕರು ನೇರವಾಗಿ ಪ್ರಕಾಶಕರಿಗೇ ಬರೆಯುವುದು ರೂಢಿ. ಲೇಖಕರ ಪರವಾಗಿ ಹಕ್ಕು ಮಾರಿಕೊಡುವ ಸಾಹಿತ್ಯ ಏಜೆಂಟರ ಮಾತು ಬರುವುದು ಇಂಗ್ಲಿಷಿಗೆ ಅಥವಾ ಹೊರಗಿನ ಭಾಷೆಗೆ ಅನುವಾದದ ಹಕ್ಕು ಮಾರುವಾಗ. ಏಜೆಂಟರಿಗೆ ಒಂದು ಪುಟದ ಕಥಾಸಾರ, ಚೆನ್ನಾಗಿ ಅನುವಾದಿಸಿದ ಮೊದಲ ಮೂರು ಅಧ್ಯಾಯ ಬೇಕು. ಸರಿಯಾದ ಏಜೆಂಟರು ಮುಂಗಡ ಶುಲ್ಕ ಕೇಳುವುದಿಲ್ಲ, ಲೇಖಕರಿಗೆ ಬಂದ ಹಣದಲ್ಲಿ ಸಾಮಾನ್ಯವಾಗಿ ಶೇಕಡಾ 15ರಿಂದ 20 ತೆಗೆದುಕೊಳ್ಳುತ್ತಾರೆ. ಓದಲು ಇಷ್ಟು, ಪ್ರಕಟಿಸಲು ಅಷ್ಟು ಕೊಡಿ ಎಂದವರಿಂದ ದೂರವಿರಿ.

ಸ್ವಂತ ಮುದ್ರಣವನ್ನು ಯಾರ ಹತ್ತಿರವೂ ಮುಚ್ಚಿಡಬೇಡಿ. ‘300 ಪ್ರತಿ ಅಚ್ಚಾಗಿದೆ, ನಾಲ್ಕು ತಿಂಗಳಲ್ಲಿ ಇಷ್ಟು ಹೋಗಿದೆ, ಇಷ್ಟು ಶಾಲೆಯಲ್ಲಿ ಓದಿದ್ದೇನೆ, ಇಷ್ಟು ಉಳಿದಿದೆ’ ಎಂದು ಪತ್ರದಲ್ಲೇ ಬರೆಯಿರಿ. ಸಂಖ್ಯೆ ಸಣ್ಣದಿದ್ದರೂ ನಿಜವಾಗಿರಲಿ, ಅವರು ವಿಚಾರಿಸುತ್ತಾರೆ. ಮೂರು ತಿಂಗಳು ಕಾದು ಒಂದು ನೆನಪೋಲೆ ಹಾಕಿ.

ಒಪ್ಪಂದ ಬಂದರೆ ‘ಎಲ್ಲ ಹಕ್ಕುಗಳೂ’ ಎಂಬ ಸಾಲು ಹುಡುಕಿ. ಮುದ್ರಣ, ಇ-ಪುಸ್ತಕ, ಧ್ವನಿಪುಸ್ತಕ, ಅನುವಾದ, ನಾಟಕ, ಸಿನಿಮಾ ಬೇರೆಬೇರೆ ಹಕ್ಕು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಇರುವ ಜಿಲ್ಲೆಯಲ್ಲಿ, ಶಿವಮೊಗ್ಗದಲ್ಲೇ ಸರ್ಕಾರದ ರಂಗಾಯಣ ಇರುವಾಗ, ಮಕ್ಕಳ ಕಾದಂಬರಿಯ ನಾಟಕದ ಹಕ್ಕನ್ನು ಸುಮ್ಮನೆ ಬಿಟ್ಟುಕೊಡುವುದು ಸರಿಯಲ್ಲ. ಅವಧಿಯನ್ನೂ ಬರೆಸಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಹೊಸ ಆವೃತ್ತಿಗೆ ಪ್ರಕಾಶಕರದೇ ಐಎಸ್‌ಬಿಎನ್ ಬರುತ್ತದೆ. ನಿಮ್ಮಲ್ಲಿ ಉಳಿದ ಪ್ರತಿಗಳನ್ನು ಯಾವ ದಿನದ ತನಕ ಮಾರಬಹುದು ಎಂಬುದನ್ನೂ ಒಪ್ಪಂದದಲ್ಲಿ ಸೇರಿಸಿ. ಹತ್ತು ಪ್ರತಿಯನ್ನು ಮಾತ್ರ ಮಾರದೆ ತೆಗೆದಿಡಿ, ಮೊದಲ ಮುದ್ರಣದ ಪ್ರತಿ ಬೇಕೆಂದು ಮುಂದೆ ಯಾರಾದರೂ ಕೇಳುತ್ತಾರೆ.

ನಮಸ್ಕಾರ.