ನಳ ಸುಯ್ ಅಂದಾಗ

ಕೇಳುಗರೇ, ನಮಸ್ಕಾರ.

ನೀರು ಬಿಡುವ ದಿನ ನಮ್ಮ ಓಣಿಯಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ನಳ ಸುಯ್ ಅಂತ ಗಾಳಿ ಬಿಟ್ಟರೆ ಸಾಕು, ಕೊಡ, ಬಕೆಟ್, ಬ್ಯಾರಲ್ ಎಲ್ಲ ಹೊರಗೆ ಬರುತ್ತವೆ. ಮೊದಲು ಬೀಳುವುದು ಚಹಾದ ಬಣ್ಣದ ನೀರು. ಪಕ್ಕದ ಮನೆಯ ಅಮ್ಮ ಅದನ್ನು ಗಟಾರಕ್ಕೆ ಬಿಟ್ಟು, "ಇದನ್ನ ಕುಡದ್ರ ದವಾಖಾನಿನೇ ಗತಿ" ಅನ್ನುತ್ತಾರೆ.

ಅವರು ಹೇಳುವುದು ಸರಿ. ನೀರು ನಿಂತ ದಿನ ಪೈಪು ಸುಮ್ನೆ ಖಾಲಿ ಇರುವುದಿಲ್ಲ. ಎಲ್ಲಿ ಸಣ್ಣ ಸೀಳು ಇದೆಯೋ ಅಲ್ಲಿಂದ ಸುತ್ತಲಿನ ಹೊಲಸು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಗಟಾರ ಪಕ್ಕದಲ್ಲೇ ಹರಿಯುತ್ತಿದ್ದರೆ ಕೇಳಬೇಕೆ? ಕಾಲರಾ, ಟೈಫಾಯ್ಡ್, ಕಾಮಾಲೆ ಊರೊಳಗೆ ನುಗ್ಗುವ ದಾರಿಗಳಲ್ಲಿ ಇದೂ ಒಂದು.

"ಹಾಗಾದರೆ ಒಂದು ಲಸಿಕೆ ಹಾಕಿಸಿದರೆ ಮುಗಿಯಿತಲ್ವಾ?" ಅಂತ ಕೇಳುವವರಿದ್ದಾರೆ. ಲಸಿಕೆಯ ವಿಷಯ ನಮ್ಮ ಹುಬ್ಬಳ್ಳಿಗೆ ಹೊಸದೇನಲ್ಲ. ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ 1894ರಲ್ಲಿ ಕಲ್ಕತ್ತಾದ ಕೊಳೆಗೇರಿಗಳಲ್ಲಿ ಕಾಲರಾ ಲಸಿಕೆ ಚುಚ್ಚಿದರು. 1897ರಲ್ಲಿ ಮುಂಬೈಯಲ್ಲಿ ಪ್ಲೇಗಿಗೂ ಲಸಿಕೆ ಮಾಡಿ, ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಹುಬ್ಬಳ್ಳಿಗೆ ಪ್ಲೇಗು ಬಡಿದಾಗ ಇಲ್ಲಿನ ಸಾವಿರಾರು ಜನ ಅದೇ ಲಸಿಕೆಗೆ ತೋಳು ಕೊಟ್ಟರು. ಸೂಜಿ ಅಂದರೇನೇ ಅಂಜುತ್ತಿದ್ದ ಕಾಲ ಅದು!

ಈಗಿನ ಕಾಲರಾ ಲಸಿಕೆಗೆ ಸೂಜಿಯೇ ಬೇಡ, ಬಾಯಿಗೆ ಹಾಕುತ್ತಾರೆ. ಎರಡು ವಾರ ಬಿಟ್ಟು ಎರಡು ಡೋಸ್ ತೆಗೆದುಕೊಂಡರೆ ಸುಮಾರು ಮೂರು ವರ್ಷ ಕಾವಲು. ನಮ್ಮ ಪಕ್ಕದ ಹೈದರಾಬಾದಿನಲ್ಲೇ ತಯಾರಾದ ಇಂಥ ಲಸಿಕೆಗೆ 2009ರಲ್ಲಿ ನಮ್ಮ ದೇಶದಲ್ಲಿ ಪರವಾನಗಿ ಸಿಕ್ಕಿತು. ಆದರೆ ಜಗತ್ತಿಗೆಲ್ಲ ಸಾಕಾಗುವಷ್ಟು ಇಲ್ಲ. 2022ರ ಅಕ್ಟೋಬರಿನಲ್ಲಿ ಎಷ್ಟು ಕೊರತೆ ಆಯಿತೆಂದರೆ, ರೋಗ ಹಬ್ಬಿದ ದೇಶಗಳಲ್ಲೂ ಒಂದೇ ಡೋಸ್ ಕೊಡಿ ಅಂತ ತೀರ್ಮಾನಿಸಬೇಕಾಯಿತು. ನಮ್ಮ ಮಕ್ಕಳಿಗೆ ಸರ್ಕಾರ ಹಾಕಿಸುವ ಲಸಿಕೆಗಳ ಪಟ್ಟಿಯಲ್ಲಂತೂ ಇದು ಇಲ್ಲ. ಅಂಗನವಾಡಿಯಲ್ಲಿ ಹಾಕುವ ರೋಟಾ ಹನಿ ರೋಟಾವೈರಸ್ ಭೇದಿಗೆ; ಅದು ಬೇರೆ, ಇದು ಬೇರೆ.

ನನ್ನ ಕೇಳಿದರೆ, ಲಸಿಕೆ ನಮಗೆ ಒಂದಿಷ್ಟು ಗಡುವು ಕೊಡುತ್ತದೆ, ಅಷ್ಟೇ. ಆ ಗಡುವಿನಲ್ಲಿ ಪೈಪು ರಿಪೇರಿ ಆಗಬೇಕು. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ತಾಸು ನೀರು ಬಂತು. ಪೈಪು ಸದಾ ತುಂಬಿದ್ದರೆ ಹೊಲಸು ಒಳಬರಲು ಜಾಗವೇ ಇರುವುದಿಲ್ಲ. ಮುಂದೆ ಸಂಶೋಧಕರು ಈ ವಾರ್ಡುಗಳನ್ನೂ ಬಿಟ್ಟುಬಿಟ್ಟು ನೀರು ಬರುವ ವಾರ್ಡುಗಳನ್ನೂ ಹೋಲಿಸಿದರು. ಸದಾ ನೀರಿರುವ ಕಡೆ ಟೈಫಾಯ್ಡ್ ಕಡಿಮೆ ಕಂಡಿತು.

ಕಾಲರಾದ ಭೇದಿ ಅಕ್ಕಿ ತೊಳೆದ ನೀರಿನ ಹಾಗೆ ಇರುತ್ತದೆ. ಜ್ವರ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೇ ಜನ ನಾಳೆ ನೋಡೋಣ ಅಂತಾರೆ, ಅಷ್ಟರಲ್ಲಿ ಮೈಯ ನೀರೆಲ್ಲ ಬತ್ತಿರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಸಲೈನ್ ಮುಗಿದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆಯ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿದರು. ಎಷ್ಟೋ ಜೀವ ಉಳಿದವು. ಇದೇ ಬಗೆಯ ನೀರಿಗೆ ಈಗ ಓಆರ್‌ಎಸ್ ಅನ್ನುತ್ತಾರೆ.

ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟ ಮಾಡಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಮಾತ್ರ ಆಗಬಾರದು. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕು ಗುಟುಕಾಗಿ ಕುಡಿಸಿ. ದವಾಖಾನೆಗೆ ಹೋಗುವ ಆಟೋದಲ್ಲೂ ನಿಲ್ಲಿಸಬೇಡಿ.

ನಮಸ್ಕಾರ.